ಪಥ್ಯದ ಪಟ್ಟಿಗಿಂತ ಮೊದಲು ಮಗುವಿನ ಪಟ್ಟಿ

ಆಟಿಸಂ ಇರುವ ಎರಡು-ಮೂರು ವರ್ಷದ ಮಕ್ಕಳನ್ನು ಕರೆದುಕೊಂಡು ನನ್ನಂಥ ಮಕ್ಕಳ ಆಹಾರತಜ್ಞರ ಬಳಿ ಬರುವ ಪೋಷಕರಲ್ಲಿ ಬಹಳಷ್ಟು ಜನ ಒಂದು ಪಟ್ಟಿಯನ್ನು ಮೊದಲೇ ಹಿಡಿದು ಬಂದಿರುತ್ತಾರೆ. ಏನೇನು ಕೊಡಬಾರದು ಎಂಬ ಪಟ್ಟಿ. ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಬೇಡ, ಹಾಲು ಬೇಡ, ಸಕ್ಕರೆ ಬೇಡ. ಇನ್ನೂ ಕಟ್ಟುನಿಟ್ಟಾದದ್ದಾದರೆ ಯಾವ ಧಾನ್ಯವೂ ಬೇಡ, ಆಲೂಗಡ್ಡೆಯೂ ಬೇಡ. ಹೊಟ್ಟೆ ಸರಿಹೋದರೆ ನಿದ್ದೆ ಸರಿಹೋಗುತ್ತದೆ, ನಿದ್ದೆ ಸರಿಹೋದರೆ ಮಾತು ಬರುತ್ತದೆ ಎಂಬ ಆಸೆ ಅದರ ಹಿಂದೆ ಇರುತ್ತದೆ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಎಂದು ಹೇಳಿ ಇನ್ನೊಂದು ಪಟ್ಟಿ ಕೇಳುತ್ತೇನೆ. ಈ ವಾರ ಮಗು ನಿಜವಾಗಿ ಬಾಯಿಗೆ ಹಾಕಿಕೊಂಡು ನುಂಗಿದ್ದು ಏನೇನು?

ಇದನ್ನು ಬರೆಯುವಾಗ ಜಿಪುಣತನ ಬೇಡ. ‘ಬಿಸ್ಕತ್ತು’ ಎಂದಷ್ಟೇ ಬರೆದರೆ ನನಗೆ ಉಪಯೋಗವಿಲ್ಲ. ಯಾವ ಕಂಪನಿಯದು, ದುಂಡಗಿನದೋ ಚೌಕದ್ದೋ, ತುದಿ ಮುರಿದಿದ್ದರೂ ತಿನ್ನುತ್ತಾನೋ, ಪೊಟ್ಟಣದಿಂದಲೇ ತೆಗೆದುಕೊಡಬೇಕೋ, ಇವೆಲ್ಲ ಬೇಕು. ಹಾಲು ಎಂದರೆ ಯಾವ ಲೋಟದಲ್ಲಿ, ಎಷ್ಟು ಬೆಚ್ಚಗೆ, ಸ್ಟ್ರಾ ಇದೆಯೋ ಇಲ್ಲವೋ. ಅನ್ನ ಎಂದರೆ ಉದುರುದುರೋ ಮೆತ್ತಗೋ. ಹೀಗೆ ಬರೆದ ಪಟ್ಟಿಯನ್ನು ಪಥ್ಯದ ಪಟ್ಟಿಯ ಪಕ್ಕದಲ್ಲಿಟ್ಟರೆ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ. ಮಗು ತಿನ್ನುವ ಏಳೆಂಟು ಪದಾರ್ಥಗಳಲ್ಲಿ ಐದಾರು, ಕೊಡಬಾರದು ಎಂದವುಗಳಲ್ಲೇ ಇರುತ್ತವೆ.

ಇದು ಕಾಕತಾಳೀಯವಲ್ಲ. ಕಾರ್ಖಾನೆಯಲ್ಲಿ ತಯಾರಾದ ಬಿಸ್ಕತ್ತು ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಇರುತ್ತದೆ. ಬಣ್ಣ, ಗರಿಗರಿ, ಉಪ್ಪು, ಕಚ್ಚಿದಾಗ ಬರುವ ಸದ್ದು, ಎಲ್ಲವೂ ಒಂದೇ. ದ್ರಾಕ್ಷಿ ಹಾಗಲ್ಲ, ಒಂದು ಸಿಹಿ, ಇನ್ನೊಂದು ಹುಳಿ, ಮೂರನೆಯದು ಬಾಯಲ್ಲಿ ಪಿಚಕ್ಕೆಂದು ಒಡೆಯುತ್ತದೆ. ಇಂದ್ರಿಯಗಳು ಅತಿ ಸೂಕ್ಷ್ಮವಾಗಿರುವ ಮಗುವಿಗೆ ಬಿಸ್ಕತ್ತು ನಂಬಿಕಸ್ಥ. 2013ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಆಟಿಸಂ ಇರುವ ಮಕ್ಕಳಲ್ಲಿ ಊಟದ ಸಮಸ್ಯೆಯ ಸಾಧ್ಯತೆ ಇತರ ಮಕ್ಕಳಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ತೋರಿಸಿತು. ಅಂಥ ಮಕ್ಕಳಿಗೆ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಡಿಮೆ ಸಿಗುತ್ತಿದೆ ಎಂಬುದೂ ಅದರಲ್ಲೇ ಕಂಡಿತು. ಎರಡನೇ ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳು ಹೊಸ ತಿನಿಸಿಗೆ ಮೂತಿ ತಿರುಗಿಸುತ್ತಾರೆ, ಬಹುಪಾಲು ಮಕ್ಕಳು ಅದನ್ನು ದಾಟಿ ಬರುತ್ತಾರೆ. ಈ ಮಕ್ಕಳಲ್ಲಿ ಪಟ್ಟಿ ತಾನಾಗಿ ಬೆಳೆಯುವುದಿಲ್ಲ, ಒಮ್ಮೊಮ್ಮೆ ಕುಗ್ಗುತ್ತದೆ. ಬಿಟ್ಟ ತಿನಿಸು ಮರಳಿ ಬರುವುದೂ ಅಪರೂಪ.

ಹಾಗಾಗಿ ‘ಹಸಿವಾದರೆ ತಾನೇ ತಿನ್ನುತ್ತೆ, ಬಿಡಿ’ ಎಂಬ ಹಿರಿಯರ ಮಾತು ಇಲ್ಲಿ ಅಪಾಯಕಾರಿ. ಹಸಿವು ಎಂಬ ದೇಹದ ಸೂಚನೆಯೇ ಕೆಲವು ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲ. ತಿಳಿದರೂ, ಎದುರಿಗಿರುವುದು ಅವರ ಲೆಕ್ಕದಲ್ಲಿ ಆಹಾರವೇ ಅಲ್ಲ. ಸೋಮವಾರದಿಂದ ಹೊಸ ಪಥ್ಯ ಎಂದು ಭಾನುವಾರ ರಾತ್ರಿ ಕಪಾಟು ಖಾಲಿ ಮಾಡಿದ ಮನೆಗಳಲ್ಲಿ ಮಗು ನೀರನ್ನೂ ಬಿಟ್ಟು, ಬಳಲಿ, ಆಸ್ಪತ್ರೆ ಸೇರುವುದುಂಟು.

ಈ ಪಥ್ಯ ಬೇಕೇ ಎಂಬುದನ್ನು ಅಡುಗೆಮನೆಗೆ ಹೋಗುವ ಮೊದಲೇ ತೀರ್ಮಾನಿಸಬೇಕು. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಖಚಿತವಾಗಿದ್ದರೆ ಚರ್ಚೆಯೇ ಇಲ್ಲ, ಗ್ಲುಟೆನ್ ಜೀವಮಾನವಿಡೀ ಬೇಡ. ಹಾಲಿನ ಪ್ರೋಟೀನಿಗೆ ಅಲರ್ಜಿ ಇದ್ದರೆ, ಅನ್ನನಾಳದಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಸೇರಿ ಉರಿಯೂತವಾಗಿದ್ದರೆ ಅವಕ್ಕೂ ಗೊತ್ತಾದ ಕ್ರಮಗಳಿವೆ. ಆದರೆ ಆಟಿಸಂನ ಲಕ್ಷಣಗಳನ್ನೇ ಕಡಿಮೆ ಮಾಡಲು ಗ್ಲುಟೆನ್ ಅಥವಾ ಹಾಲಿನ ಪ್ರೋಟೀನ್ ಕೇಸಿನ್ ಬಿಡಿಸಬೇಡಿ ಎಂದು, ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ. ರಕ್ತದಲ್ಲಿ ದೇಹವೇ ತಯಾರಿಸುವ ಐಜಿಜಿ ಎಂಬ ಪ್ರತಿಕಾಯ ಅಳೆದು ‘ನಿಮ್ಮ ಮಗುವಿಗೆ ಇಷ್ಟೊಂದು ಆಹಾರ ಆಗಿಬರುವುದಿಲ್ಲ’ ಎಂದು ಉದ್ದದ ವರದಿ ಕೊಡುವ ಪರೀಕ್ಷೆಗಳನ್ನು ಅಲರ್ಜಿ ತಜ್ಞರ ಸಂಘಗಳು ಒಪ್ಪುವುದಿಲ್ಲ. ಆ ಪ್ರತಿಕಾಯ ಮಗು ಅದನ್ನು ತಿಂದಿದೆ ಎಂದು ಹೇಳುತ್ತದೆ, ಆಗಿಬರುವುದಿಲ್ಲ ಎಂದಲ್ಲ. ಅಂದರೆ ಆ ವರದಿ ಮಗುವಿನ ಇಷ್ಟದ ತಿನಿಸುಗಳನ್ನೇ ಹುಡುಕಿ ತೆಗೆದುಹಾಕುವ ಸಂಭವ ಹೆಚ್ಚು!

ಧಾನ್ಯ, ಪಿಷ್ಟ, ಸಕ್ಕರೆ ಎಲ್ಲವನ್ನೂ ಬಿಡಿಸುವ ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್ ಬಗ್ಗೆ ಕೇಳುವವರು ಜಾಸ್ತಿ. ಇದರ ಬೇರು ಅಮೆರಿಕದ ವೈದ್ಯ ಸಿಡ್ನಿ ಹಾಸ್ ಅವರಲ್ಲಿದೆ. ಸೀಲಿಯಾಕ್ ಇದ್ದ ಮಕ್ಕಳಿಗೆ ಬಾಳೆಹಣ್ಣು ಮುಖ್ಯವಾದ ಆಹಾರ ಕೊಟ್ಟು ಅವರು ಚೇತರಿಸಿಕೊಂಡದ್ದನ್ನು ಹಾಸ್ 1924ರಲ್ಲಿ ವರದಿ ಮಾಡಿದರು. ಪಿಷ್ಟವೇ ಶತ್ರು ಎಂದು ಅವರ ನಂಬಿಕೆ. ಮುಂದೆ ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ದೋಷ ಪಿಷ್ಟದ್ದಲ್ಲ, ಗೋಧಿ ಮತ್ತು ಅದರ ಬಳಗದ ಧಾನ್ಯಗಳದ್ದು ಎಂದು 1950ರ ಪ್ರಬಂಧದಲ್ಲಿ ತೋರಿಸಿದರು. ಹಾಸ್ ನೋಡಿಕೊಂಡ ಮಕ್ಕಳು ಚೇತರಿಸಿಕೊಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಆ ಪಥ್ಯ ಮಾತ್ರ ಉಳಿದುಕೊಂಡಿತು. ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯಲ್ಲಿ ಅದಕ್ಕೆ ಈಗಲೂ ಒಂದು ಜಾಗವಿದೆ. ಆದರೆ 2021ರಲ್ಲಿ ಪ್ರಕಟವಾದ, ವಯಸ್ಕ ರೋಗಿಗಳ ಮೇಲಿನ ಅಧ್ಯಯನದಲ್ಲಿ ಧಾನ್ಯ, ತರಕಾರಿ, ಹಣ್ಣು, ಆಲಿವ್ ಎಣ್ಣೆ ಇರುವ ಸಡಿಲವಾದ ಮೆಡಿಟರೇನಿಯನ್ ಆಹಾರಕ್ರಮಕ್ಕಿಂತ ಅದು ಮೇಲೆಂದು ಕಾಣಲಿಲ್ಲ. ಏಳೇ ಪದಾರ್ಥ ತಿನ್ನುವ ಮಗುವಿನ ಮೇಲೆ ಅದನ್ನು ಹೇರಲು ನನಗೆ ಗಟ್ಟಿಯಾದ ರೋಗನಿರ್ಣಯ ಬೇಕು.

ಹಾಗೆಂದು ಹೊಟ್ಟೆಯ ತೊಂದರೆ ಸುಳ್ಳೆಂದಲ್ಲ. ಮಾತು ಬಾರದ ಮಗು ಹೊಟ್ಟೆನೋವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಸೋಫಾದ ಅಂಚಿಗೆ ಹೊಟ್ಟೆ ಒತ್ತಿ ನಿಲ್ಲುವುದು, ಬೆನ್ನು ಬಿಲ್ಲಿನಂತೆ ಬಾಗಿಸುವುದು, ಅಂಗಿಯ ಕಾಲರ್ ಜಗಿಯುವುದು, ನಡುರಾತ್ರಿ ಎದ್ದು ಕಿರುಚುವುದು. ‘ಅದು ಆಟಿಸಂ ಬಿಡಿ’ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ನನ್ನ ಅನುಭವದಲ್ಲಿ ಇದರ ಹಿಂದೆ ಹೆಚ್ಚಾಗಿ ಸಿಗುವುದು ಮಲಬದ್ಧತೆ. ಮಗು ಪರದೆಯ ಹಿಂದೆ ಹೋಗಿ, ಕಾಲು ಕತ್ತರಿಯಾಗಿಸಿ, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಂಡರೆ ‘ಕಕ್ಕ ಮಾಡಲು ಒದ್ದಾಡುತ್ತಿದೆ’ ಎಂದು ಮನೆಯವರು ತಿಳಿಯುತ್ತಾರೆ. ಅದು ಮಾಡದಿರಲು ಒದ್ದಾಡುತ್ತಿರುತ್ತದೆ. ಒಮ್ಮೆ ನೋವಾದದ್ದು ನೆನಪಿದೆ, ಆದ್ದರಿಂದ ಬಿಗಿಹಿಡಿಯುತ್ತದೆ. ಬಿಗಿಹಿಡಿದಷ್ಟೂ ಮಲ ಗಟ್ಟಿಯಾಗಿ ಮತ್ತೆ ನೋಯುತ್ತದೆ. ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗೆ ಸೋರಿದರೆ ಅದನ್ನು ಭೇದಿ ಎಂದುಕೊಂಡು ಇನ್ನಷ್ಟು ಆಹಾರ ಬಿಡಿಸುವವರೂ ಇದ್ದಾರೆ. ಹೊಟ್ಟೆ ತುಂಬಿ ನಿಂತ ಮಗುವಿಗೆ ಹಸಿವು ಎಲ್ಲಿಂದ? ಮಲ ಮೆದುವಾಗಲು ವೈದ್ಯರು ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಸರಿಯಾದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಮುಂದುವರಿಸಿದಾಗ, ಯಾವ ಪಥ್ಯವೂ ಇಲ್ಲದೆ ಊಟ ಸುಧಾರಿಸಿದ ಮಕ್ಕಳು ಬೇಕಾದಷ್ಟು. ಒಂದು ವಾರಕ್ಕೆ ಸರಿಹೋಯಿತೆಂದು ನಿಲ್ಲಿಸುವುದೇ ಇಲ್ಲಿನ ಸಾಮಾನ್ಯ ತಪ್ಪು. ಔಷಧಕ್ಕೂ ಬಗ್ಗದಿದ್ದರೆ ಎರಡರಿಂದ ನಾಲ್ಕು ವಾರ ಹಾಲಿನ ಪ್ರೋಟೀನ್ ಬಿಡಿಸಿ ನೋಡುವ ಕ್ರಮವಿದೆ. ಫಲ ಕಾಣದಿದ್ದರೆ ಹಾಲು ಮರಳಿ ಬರಬೇಕು.

ಸೀಲಿಯಾಕ್ ಅನುಮಾನವಿದ್ದರೆ ಗ್ಲುಟೆನ್ ಬಿಡಿಸುವ ಮೊದಲೇ ರಕ್ತಪರೀಕ್ಷೆ ಆಗಬೇಕು. ಬಿಡಿಸಿದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಆಗ ಪರೀಕ್ಷೆಗೋಸ್ಕರ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಬೇಕಾಗುತ್ತದೆ, ಅದೂ ಇಂಥ ಮಗುವಿಗೆ.

ಸರಿ, ಕಾಯಿಲೆ ಖಚಿತವಾಗಿದೆ, ಪಥ್ಯ ಮಾಡಲೇಬೇಕು ಎಂದಿಟ್ಟುಕೊಳ್ಳೋಣ. ನನ್ನ ನಿಯಮ ಒಂದೇ: ಕಳೆಯುವ ಮೊದಲು ಕೂಡಿಸಿ. ತೀವ್ರ ಅಲರ್ಜಿಯಂತೆ ತಕ್ಷಣ ಅಪಾಯವಿರುವ ಕಡೆ ಮಾತ್ರ ಇದಕ್ಕೆ ವಿನಾಯಿತಿ. ಉಳಿದ ಕಡೆ, ಎಷ್ಟು ಕಾಲಾವಕಾಶವಿದೆ ಎಂದು ವೈದ್ಯರನ್ನು ಕೇಳಿಕೊಂಡು, ತೆಗೆಯಬೇಕಾದ ಪ್ರತಿಯೊಂದಕ್ಕೂ ಬದಲಿಯನ್ನು ಮಗು ಒಪ್ಪಿದ ಮೇಲೆ ಅದನ್ನು ತೆಗೆಯುತ್ತೇವೆ. ಬದಲಿ ಹುಡುಕುವುದು ರುಚಿಯಿಂದಲ್ಲ, ಸದ್ದಿನಿಂದ, ಆಕಾರದಿಂದ. ಗೋಧಿಯ ತೆಳು, ಉಪ್ಪು, ಚೌಕದ ಬಿಸ್ಕತ್ತು ತಿನ್ನುವ ಮಗುವಿಗೆ ಗ್ಲುಟೆನ್ ಇಲ್ಲದ ದಪ್ಪ, ಸಿಹಿ, ಮೆತ್ತಗಿನ ಕೇಕು ಬದಲಿಯಾಗದು. ಅಕ್ಕಿ ಅಥವಾ ಜೋಳದ ತೆಳು, ಉಪ್ಪು, ಚೌಕದ ತುಣುಕು ಆಗಬಹುದು. ಮೊದಲು ಅದು ತಟ್ಟೆಯ ಪಕ್ಕದ ಇನ್ನೊಂದು ಪುಟ್ಟ ತಟ್ಟೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮಗು ಅದನ್ನು ತಳ್ಳಿದರೂ ಪರವಾಗಿಲ್ಲ, ಮುಟ್ಟಿತಲ್ಲ. ಮುರಿದು ಸದ್ದು ಕೇಳುವುದು, ಮೂಸುವುದು, ತುಟಿಗೆ ತಾಗಿಸುವುದು, ನೆಕ್ಕುವುದು, ಕಚ್ಚಿ ಉಗುಳುವುದು, ಇವೆಲ್ಲ ತಿನ್ನುವ ಹಾದಿಯ ಮೆಟ್ಟಿಲುಗಳೇ. ಉಗುಳಿದ್ದಕ್ಕೆ ಗದರಿದರೆ ಮಗು ನಾಲ್ಕು ಮೆಟ್ಟಿಲು ಕೆಳಗಿಳಿಯುತ್ತದೆ.

ಹಾಲು ಬದಲಿಸುವುದಾದರೆ ಅದೇ ಲೋಟ, ಅದೇ ಬಿಸಿ. ಇನ್ನೂರು ಎಂಎಲ್ ಹಾಲಿನಲ್ಲಿ ಒಂದು ಟೀ ಚಮಚ ತೆಗೆದು ಬದಲಿ ಹಾಲು ಒಂದು ಚಮಚ. ಮೂರ್ನಾಲ್ಕು ದಿನ ತಕರಾರಿಲ್ಲದಿದ್ದರೆ ಎರಡು. ಮುಖ ಸಿಂಡರಿಸಿದ ದಿನ ಹಿಂದಿನ ಅಳತೆಗೆ ವಾಪಸ್. ತಿಂಗಳುಗಳು ಹಿಡಿಯುತ್ತವೆ, ಹಿಡಿಯಲಿ.

ಹೊಸ ಬಿಸ್ಕತ್ತನ್ನು ಹಳೇ ಪೊಟ್ಟಣಕ್ಕೆ ತುಂಬಿ ಕೊಡಬಹುದೇ ಎಂದು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಕೆಲವು ಸಹೋದ್ಯೋಗಿಗಳು ಒಪ್ಪುವುದಿಲ್ಲ, ಕೆಲವು ಮಕ್ಕಳಲ್ಲಿ ನಡೆದೂ ಹೋಗುತ್ತದೆ. ಆದರೆ ಮಗು ಪತ್ತೆ ಹಚ್ಚಿದರೆ ಹೊಸದರ ಜೊತೆ ಹಳೆಯದೂ ಹೋಗುತ್ತದೆ, ಪೊಟ್ಟಣದ ಮೇಲಿನ ನಂಬಿಕೆಯೂ ಹೋಗುತ್ತದೆ. ಇಷ್ಟದ ಮೊಸರಿನಲ್ಲಿ ತರಕಾರಿ, ಔಷಧ ಅಡಗಿಸುವುದಕ್ಕೂ ಇದೇ ಮಾತು.

ಊಟದ ವೇಳೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡೂವರೆ-ಮೂರು ಗಂಟೆಗೊಮ್ಮೆ, ಒಂದೇ ಜಾಗದಲ್ಲಿ, ಕಾಲಿಗೆ ಆಧಾರವಿರುವ ಕುರ್ಚಿಯಲ್ಲಿ, ಇಪ್ಪತ್ತು ನಿಮಿಷ. ನಡುವೆ ನೀರು ಮಾತ್ರ. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಲಿ, ತಿನ್ನಬೇಕೇ, ಎಷ್ಟು ಎಂಬುದನ್ನು ಮಗುವಿಗೆ ಬಿಡಲಿ ಎಂಬ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರ ಸೂತ್ರ ಇಲ್ಲೂ ಬಹುಮಟ್ಟಿಗೆ ನಡೆಯುತ್ತದೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಪ್ರತಿ ಊಟದಲ್ಲೂ ಮಗುವಿಗೆ ಗ್ಯಾರಂಟಿಯಾಗಿ ಗೊತ್ತಿರುವ ಒಂದು ಪದಾರ್ಥ ಇರಲೇಬೇಕು. ಬಾಯಿಗೆ ತುರುಕುವುದು, ‘ಇನ್ನೊಂದೇ ತುತ್ತು’ ಎಂದು ಗೋಗರೆಯುವುದು, ಎರಡೂ ಬೇಡ. ಫೋನ್ ತೋರಿಸಿ ಉಣಿಸುವುದನ್ನು ನಾನು ಮೊದಲ ದಿನವೇ ನಿಲ್ಲಿಸಿ ಎನ್ನುವುದಿಲ್ಲ. ತೂಕ ಸಾಲದ ಮಗುವಿನ ಹೊಟ್ಟೆಗೆ ಅದರಿಂದ ಏನಾದರೂ ಹೋಗುತ್ತಿದ್ದರೆ, ಫೋನ್ ಬಿಡಿಸಲು ಆಮೇಲೆ ಸಮಯವಿದೆ.

ಪೋಷಕಾಂಶಗಳ ವಿಷಯದಲ್ಲಿ ಮಾತ್ರ ಲೆಕ್ಕ ಬಿಗಿಯಾಗಿರಬೇಕು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ, ಯಾವ ಮಾರ್ಗಸೂಚಿ ನೋಡುತ್ತೀರಿ ಎಂಬುದರ ಮೇಲೆ, 350ರಿಂದ 700 ಮಿಲಿಗ್ರಾಂ. ಹಾಲು ತೆಗೆದರೆ ಇದರ ದೊಡ್ಡ ಪಾಲು ಹೋಯಿತು. ಬಾದಾಮಿ ಹಾಲಿನಲ್ಲಿ ಲೋಟಕ್ಕೆ ಒಂದು ಗ್ರಾಂನಷ್ಟು ಪ್ರೋಟೀನ್, ಹಸುವಿನ ಹಾಲಿನಲ್ಲಿ ಎಂಟು. ಸೋಯಾ ಹಾಲು ಇದಕ್ಕೆ ಹತ್ತಿರ, ಕ್ಯಾಲ್ಸಿಯಂ ಬೆರೆಸಿದ್ದಾದರೆ ಇನ್ನೂ ಒಳ್ಳೆಯದು. ಅಕ್ಕಿಯ ಹಾಲಿನಲ್ಲಿ ಆರ್ಸೆನಿಕ್ ಇರುವುದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂಬುದು ಬ್ರಿಟನ್ನಿನ ಸಲಹೆ. ಧಾನ್ಯವಿಲ್ಲದ ಪಥ್ಯದಲ್ಲಿ ಬಾದಾಮಿ, ಗೋಡಂಬಿಯಂಥ ಬೀಜಗಳಿಗೆ ದೊಡ್ಡ ಪಾತ್ರ. ಈ ವಯಸ್ಸಿನಲ್ಲಿ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಪುಡಿ ಅಥವಾ ಬೆಣ್ಣೆಯಂತೆ ಅರೆದದ್ದೇ ಆಗಬೇಕು. ಇನ್ನು ಹಾಲನ್ನೇ ಕುಡಿದು ಬದುಕುವ ಮಕ್ಕಳು. ದಿನಕ್ಕೆ ಅರ್ಧ ಲೀಟರಿಗಿಂತ ಬಹಳ ಹೆಚ್ಚಾದರೆ ಬೇರೆ ಆಹಾರಕ್ಕೆ ಜಾಗವಿಲ್ಲ, ಕಬ್ಬಿಣದ ಕೊರತೆ ಹಿಂದೆಯೇ ಬರುತ್ತದೆ.

ಹಣ್ಣು-ತರಕಾರಿ ಒಂದನ್ನೂ ಮುಟ್ಟದ ಮಗು ಇದ್ದಕ್ಕಿದ್ದಂತೆ ಕುಂಟತೊಡಗಿದರೆ, ನಡೆಯಲು ಒಲ್ಲೆ ಎಂದರೆ, ವಸಡಿನಲ್ಲಿ ರಕ್ತ ಕಂಡರೆ ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ನೆನಪಾಗಬೇಕು. ಹಳೇ ಕಾಲದ ನಾವಿಕರ ಕಾಯಿಲೆ ಎಂದು ನಾವು ಓದಿದ್ದು. ಈಗ ವೈದ್ಯಕೀಯ ಪತ್ರಿಕೆಗಳಲ್ಲಿ ಅದು ಇಂಥ ಮಕ್ಕಳಲ್ಲೂ ಕಾಣಿಸಿಕೊಳ್ಳುತ್ತದೆ, ಎಷ್ಟೋ ಸಲ ಮೂಳೆಯ ಸ್ಕ್ಯಾನ್ ಎಲ್ಲ ಮುಗಿದ ಮೇಲೆ. ಅಮೆರಿಕದ ಮಾರ್ಗಸೂಚಿಯಂತೆ ಈ ವಯಸ್ಸಿಗೆ ದಿನಕ್ಕೆ 15 ಮಿಲಿಗ್ರಾಂ ವಿಟಮಿನ್ ಸಿ ಸಾಕು, ಅಷ್ಟೂ ಹೋಗುತ್ತಿರಲಿಲ್ಲ ಎಂದರೆ ಆಹಾರ ಎಷ್ಟು ಕುಗ್ಗಿತ್ತೆಂದು ಊಹಿಸಿಕೊಳ್ಳಿ. ವಿಟಮಿನ್ ಎ ಕೊರತೆಯಿಂದ ಕಣ್ಣು ಹಾಳಾದ ವರದಿಗಳೂ ಇವೆ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ಪದೇಪದೇ ವಾಂತಿಯಾದರೆ, ನುಂಗುವಾಗ ಕೆಮ್ಮಿ ಉಸಿರುಗಟ್ಟಿದರೆ ಪಥ್ಯದ ಮಾತು ಅಲ್ಲಿಗೆ ನಿಲ್ಲಿಸಿ ಮಕ್ಕಳ ವೈದ್ಯರನ್ನು ಕಾಣಿ. ಏನೂ ಕುಡಿಯದೆ ಎಂಟು-ಹತ್ತು ಗಂಟೆ ಮೂತ್ರವಾಗದಿದ್ದರೆ ಅದೇ ದಿನ. ಜಗಿಯಲು ಬಾರದೆ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಮಕ್ಕಳನ್ನು ನುಂಗುವ ಸಮಸ್ಯೆ ನೋಡುವ ಸ್ಪೀಚ್ ಥೆರಪಿಸ್ಟ್ ಒಮ್ಮೆ ನೋಡಬೇಕು.

ಆಹಾರತಜ್ಞರ ಬಳಿ ಬರುವಾಗ ಪಥ್ಯದ ಪುಸ್ತಕ ತರಬೇಡಿ. ಮಗು ಊಟಕ್ಕೆ ಕುಳಿತ ಐದು ನಿಮಿಷದ ವಿಡಿಯೊ, ತಿನ್ನುವ ಪೊಟ್ಟಣಗಳ ಹಿಂಬದಿಯ ಫೋಟೊ, ಹುಟ್ಟಿದಂದಿನಿಂದ ಬರೆದಿಟ್ಟ ತೂಕ-ಎತ್ತರ, ಮತ್ತು ಒಂದು ವಾರ ಮಲ ಎಷ್ಟು ಸಲ, ಹೇಗೆ ಆಯಿತೆಂಬ ಟಿಪ್ಪಣಿ ತನ್ನಿ. ಪಥ್ಯ ಆಗಲೇ ಶುರುವಾಗಿದ್ದರೆ ಯಾವತ್ತು ಶುರುವಾಯಿತು, ಯಾವ ಬದಲಾವಣೆ ಕಂಡರೆ ಮುಂದುವರಿಸುತ್ತೀರಿ, ಕಾಣದಿದ್ದರೆ ಯಾವ ದಿನ ನಿಲ್ಲಿಸುತ್ತೀರಿ ಎಂಬುದನ್ನೂ ಅದೇ ಹಾಳೆಯ ಮೇಲೆ ಬರೆದುಕೊಂಡು ಬನ್ನಿ.