ನಮ್ಮ ತೋಟಕ್ಕೆ ಮಳೆ ಕಾರಣ, ಅವರ ತೋಟಕ್ಕೆ ಮೈಗಳ್ಳತನ

ಶ್ರಾವಣದ ಹೊತ್ತಿಗೆ ಸಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ್ದೇ ಮಾತು. ನಮ್ಮೂರಿನ ತೋಟಕ್ಕೆ ಬಂದರೆ, ‘ಮಳೆ ಹೊಳವಾಗಲೇ ಇಲ್ಲ ಮಾರಾಯರೇ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನೂ ಸಿಗಲಿಲ್ಲ’ ಎನ್ನುತ್ತೇವೆ. ಹೊಳೆಯಾಚೆಯವರ ತೋಟವಾದರೆ, ‘ಕೊಳೆಗೆ ಬೋರ್ಡೋ ಔಷಧಿ ಹೊಡೆಯಲಿಕ್ಕೂ ಮೈಗಳ್ಳತನ’. ಅವರಿಗೆ ಫಸಲು ಕೈಗೂಡಿತೋ, ಅದು ಅದೃಷ್ಟ. ನಮ್ಮದು ಮಾತ್ರ ಅಜ್ಜನ ಕಾಲದ ಕಸುಬು! ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸಿರಸಿ ಮತ್ತು ಕಾರವಾರ ಶೈಕ್ಷಣಿಕ ಜಿಲ್ಲೆಗಳ ನಡುವೆಯೂ ಇದೇ ಲೆಕ್ಕಾಚಾರ.

ಒಬ್ಬರ ನಡತೆಗೆ ಕಾರಣವನ್ನು ಅವರ ಸ್ವಭಾವದಲ್ಲಿ ಹುಡುಕುತ್ತೇವೋ, ಸನ್ನಿವೇಶದಲ್ಲೋ ಎಂಬ ಪ್ರಶ್ನೆಯನ್ನು ಮನಃಶಾಸ್ತ್ರಜ್ಞ ಫ್ರಿಟ್ಸ್ ಹೈಡರ್ 1958ರಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಅದನ್ನು ‘ನಾವು–ಅವರು’ ಎಂಬಲ್ಲಿಗೆ ತಂದ ಪ್ರಯೋಗ ನಡೆದದ್ದು ದಕ್ಷಿಣ ಭಾರತದಲ್ಲೇ. 1974ರಲ್ಲಿ ಟೇಲರ್ ಮತ್ತು ಜಗ್ಗಿ ಅವರು 30 ಹಿಂದೂ ಗುಮಾಸ್ತರ ಮುಂದೆ ಸಣ್ಣ ಸಣ್ಣ ಪ್ರಸಂಗಗಳನ್ನಿಟ್ಟರು. ಅಂಗಡಿಯವನು ಉದಾರವಾಗಿ ನಡೆದುಕೊಂಡ, ಅಥವಾ ಮೋಸ ಮಾಡಿದ. ಮಳೆಯಲ್ಲಿ ಸಿಕ್ಕಿಕೊಂಡವನನ್ನು ಮನೆಯವರು ಒಳಗೆ ಕರೆದರು, ಅಥವಾ ಕರೆಯಲಿಲ್ಲ. ಕೆಲವು ಕಡೆ ಅವರು ಹಿಂದೂ, ಕೆಲವು ಕಡೆ ಮುಸ್ಲಿಂ. ಹಿಂದೂವಿನ ಒಳ್ಳೆಯತನಕ್ಕೆ ಗುಮಾಸ್ತರು ಗುಣವನ್ನು ಕಾರಣವಾಗಿಸಿದರು, ತಪ್ಪಿಗೆ ಸಂದರ್ಭವನ್ನು. ಮುಸ್ಲಿಮನ ವಿಷಯದಲ್ಲಿ ಒಳ್ಳೆಯತನಕ್ಕೆ ಆ ಮನ್ನಣೆ ಸಿಗಲಿಲ್ಲ. ಮುಸ್ಲಿಮರನ್ನು ಕೇಳಿರಲೇ ಇಲ್ಲ. ಆ ಕೊರತೆಯನ್ನು ಮರೆಯಬಾರದು.

ಅದೇ ವರ್ಷ ಡೋ ಮತ್ತು ಎಮ್ಸ್‌ವಿಲರ್ ಎಂಬ ಸಂಶೋಧಕರು, ಗಂಡಸು ಗೆದ್ದರೆ ಕೌಶಲ, ಹೆಂಗಸು ಗೆದ್ದರೆ ಅದೃಷ್ಟ ಎಂದು ಜನ ಲೆಕ್ಕ ಹಾಕುವುದನ್ನು ಕಂಡರು. ಅಡುಗೆಮನೆಯಲ್ಲಿರುವವರನ್ನು ಕೇಳಿದ್ದರೆ ಪ್ರಯೋಗದ ಖರ್ಚು ಉಳಿಯುತ್ತಿತ್ತೇನೋ.

1979ರಲ್ಲಿ ಮನಃಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ ಈ ಪ್ರವೃತ್ತಿಗೆ ‘ಅಲ್ಟಿಮೇಟ್ ಅಟ್ರಿಬ್ಯೂಷನ್ ಎರರ್’ (ಕಾರಣ ಹಚ್ಚುವಲ್ಲಿನ ಮಹಾತಪ್ಪು) ಎಂಬ ಹೆಸರು ಕೊಟ್ಟು, ‘ಅವರ’ ಯಶಸ್ಸನ್ನು ಜನ ತಳ್ಳಿಹಾಕುವ ದಾರಿಗಳನ್ನು ಗುರುತಿಸಿದರು. ಅವನೊಬ್ಬ ಬೇರೆ, ಅದೃಷ್ಟ ಅಥವಾ ವಶೀಲಿ, ವಿಪರೀತ ಹೆಣಗಾಟ, ಸಂದರ್ಭ ಒದಗಿ ಬಂತು: ಈ ನಾಲ್ಕರಲ್ಲಿ ‘ಅವನೊಬ್ಬ ಬೇರೆ’ ಎಂಬುದೇ ನನಗೆ ಎಲ್ಲಕ್ಕಿಂತ ನಯವಾದ ಅವಮಾನವಾಗಿ ಕಾಣುತ್ತದೆ. ಹೊಗಳಿದಂತೆಯೂ ಆಯಿತು, ಅವನ ಊರನ್ನೆಲ್ಲ ಹಳಿದಂತೆಯೂ ಆಯಿತು.

ಆದರೆ ಎಲ್ಲರೂ ತಮ್ಮವರ ಪರವೇ ವಾದಿಸುವುದಿಲ್ಲ. ಮಲೇಷ್ಯಾದಲ್ಲಿ ಹ್ಯೂಸ್ಟನ್ ಮತ್ತು ವಾರ್ಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಲಯರು ತಮ್ಮವರ ಪರ ನಿಂತರೆ, ಅಲ್ಪಸಂಖ್ಯಾತ ಚೀನಿಯರು ಹಾಗೆ ಮಾಡಲಿಲ್ಲ.

ಹೋದ ವರ್ಷ ನಮ್ಮ ತೋಟಕ್ಕೂ ಹೊಳೆಯಾಚೆಯ ತೋಟಕ್ಕೂ ಕೊಳೆ ಬಂತು. ಎರಡೂ ಕಡೆ ಮರ ಹತ್ತುವ ಕೊನೆಗೌಡ ಒಬ್ಬನೇ. ಮೊದಲ ಔಷಧಿ ಹೊಡೆದು ನಲವತ್ತು ದಿನಕ್ಕೆ ಎರಡನೆಯದಕ್ಕೆ ಬರಬೇಕಿತ್ತು. ಜ್ವರ ಬಂದು ಮಲಗಿದ್ದನಂತೆ. ಅವನು ಹೇಳುವವರೆಗೂ ನಾನು ಮಳೆಯನ್ನೇ ಬೈಯುತ್ತಿದ್ದೆ. ಆಚೆಯವರಿಗೆ ಏನೆನ್ನುತ್ತಿದ್ದೆ ಎಂಬುದನ್ನು ಮೊದಲೇ ಬರೆದಿದ್ದೇನೆ.