ಕಾಕಾನ ಅಂಗಾಲಿನಲ್ಲಿ ಚೀನಾದ ಕೆಂಡ

ಮೊದಲು ನೋಡಿದವರು ಕಾಕಿ. ಹೊರಸಿನಿಂದ ಬಚ್ಚಲಿನವರೆಗೆ, ಶಹಾಬಾದಿ ಫರಸಿಯ ಮೇಲೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ರೂಪಾಯಿ ಬಿಲ್ಲೆಯಷ್ಟು ಒದ್ದೆ ಗುರುತು. ನೀರು ಚೆಲ್ಲಿರಬೇಕೆಂದು ಅರಿವೆ ತಂದು ಒರೆಸಲು ಬಗ್ಗಿದರೆ ಕೈಗೆ ಅಂಟು ಅಂಟು. ಗುರುತುಗಳೆಲ್ಲ ಎಡಗಾಲಿನವೇ. ಕಾಕಾನನ್ನು ಹಿಡಿದು ಕೂರಿಸಿ ಪಾದ ಎತ್ತಿಸಿದಾಗ ಅಂಗಾಲಿನ ನಡುವೆ ಬೊಬ್ಬೆಯೊಂದು ಒಡೆದು ಚರ್ಮ ಜೋತುಬಿದ್ದಿತ್ತು. ತಮ್ಮ ಕಾಲಿನಲ್ಲಿ ಅಂಥದ್ದೊಂದು ಗಾಯವಿದೆ ಎಂಬುದು ಕಾಕಾನಿಗೇ ತಿಳಿದಿರಲಿಲ್ಲ.

ಅವರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದಗಳಿಗೆ ಸದಾ ಜೋಮು. ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಬೆಂಗಳೂರಿನಲ್ಲಿರುವ ಮಗ ಯಾವುದೋ ವಿಡಿಯೊ ನೋಡಿ, ಹತ್ತು ಕಡ್ಡಿಗಳ ಡಬ್ಬಿಯೊಂದನ್ನು ಆನ್‌ಲೈನಿನಲ್ಲಿ ಕೊಂಡು ಕಲಬುರಗಿಗೆ ಕಳುಹಿಸಿದ್ದ. ಕಾಗದ ಸುತ್ತಿದ, ಹೆಬ್ಬೆರಳಿನಷ್ಟು ದಪ್ಪದ, ಒಂದು ಗೇಣುದ್ದದ ಕಡ್ಡಿ. ತುದಿಗೆ ಕೆಂಡ ಹೊತ್ತಿಸಿ ಅಂಗಾಲಿನ ನಡುವಿಗೆ ಹತ್ತಿರ ಹಿಡಿಯಬೇಕು, ಮುಟ್ಟಿಸಬಾರದು. ಕಾಕಾ ಮುಟ್ಟಿಸಿರಲಿಲ್ಲ. ನಾನು ಕೇಳಿದಾಗ ಹೇಳಿದ್ದು ಇಷ್ಟೇ: "ಬೆಚ್ಚಗೇ ಆಗಲಿಲ್ಲ ತಮ್ಮಾ. ಅದಕ್ಕೆ ಇನ್ನಷ್ಟು ಹತ್ತಿರ ಹಿಡಿದೆ."

ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ನಾನು ಈ ಕಡ್ಡಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಾಲೇಜಿನಲ್ಲಿ ಕಲಿಸುವ ಭೌತಶಾಸ್ತ್ರವನ್ನೂ ಅದಕ್ಕೆ ಹಚ್ಚಿ ನೋಡಿದೆ. ಕಾಕಾನ ಆ ಒಂದು ಮಾತಿನಲ್ಲೇ ಅಪಾಯವೆಲ್ಲ ಅಡಗಿತ್ತು ಎಂಬುದು ಆಗ ಗೊತ್ತಾಯಿತು.

ಈ ಚಿಕಿತ್ಸೆಯ ಹೆಸರು ಮಾಕ್ಸಿಬಷನ್. ಜಪಾನಿನ 'ಮೊಗುಸಾ' ಎಂಬ ಪದ 17ನೇ ಶತಮಾನದಲ್ಲಿ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ 'ಮಾಕ್ಸಾ' ಆಯಿತು. ಚೀನಿಯರು ಅಕ್ಯುಪಂಕ್ಚರನ್ನೂ ಇದನ್ನೂ ಬೇರೆಬೇರೆ ಎಂದು ನೋಡುವುದಿಲ್ಲ. 'ಝೆನ್‌ಜಿಯು' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಝೆನ್ ಎಂದರೆ ಸೂಜಿ, ಜಿಯು ಎಂದರೆ ಈ ಕೆಂಡ. ಇವೆರಡರಲ್ಲಿ ಕೆಂಡವೇ ಹಿರಿಯಣ್ಣ ಇರಬೇಕು. ಚಾಂಗ್‌ಶಾ ನಗರದ ಬಳಿಯ ಮಾವಾಂಗ್‌ಡುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ ಸಿಕ್ಕ ರೇಷ್ಮೆ ಬರಹಗಳಲ್ಲಿ ಮೈಯ ನಾಡಿಮಾರ್ಗಗಳಿಗೆ ಕೆಂಡ ಇಡುವ ವಿಧಾನವಿದೆ, ಸೂಜಿಯ ಸುಳಿವಿಲ್ಲ. 2010ರಲ್ಲಿ ಯುನೆಸ್ಕೊ ಎರಡನ್ನೂ ಸೇರಿಸಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಹಾಕಿತು. ಪರಂಪರೆಯ ಪಟ್ಟಿಗೆ ಸೇರಿದ್ದು ಔಷಧವೆಂದು ಸಾಬೀತಾದಂತೆ ಅಲ್ಲ. ಕಡ್ಡಿ ಮಾರುವವರು ಇದನ್ನು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಕಡ್ಡಿಯೊಳಗೆ ಇರುವುದು ನಮಗೆ ದೂರದ ಗಿಡವೇನಲ್ಲ. ಆರ್ಟೆಮಿಸಿಯಾ ಎಂಬ ಕುಲದ ಸೊಪ್ಪು. ಅದೇ ಕುಲದ ಇನ್ನೊಂದು ಗಿಡವೇ ನಾವು ಹೂವಿನ ಮಾಲೆಯಲ್ಲಿ ಕಟ್ಟುವ ದವನ. ಮಾಚಿಪತ್ರೆಯೂ ಅದರದೇ ಬಳಗ. ಚೀನೀ ಗಿಡದ ಎಲೆಯ ಅಡಿಭಾಗದಲ್ಲಿ ಬಿಳಿ ಬಿಳಿ ರೋಮಗಳಿರುತ್ತವೆ. ಒಣಗಿದ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನೆಲ್ಲ ಉದುರಿಸಿದರೆ ಈ ರೋಮಗಳು ಹಿಂಜಿದ ಅರಳೆಯಂತೆ ಉಳಿಯುತ್ತವೆ. ಅದೇ ಮಾಕ್ಸಾ. ನಡುನಡುವೆ ಗಾಳಿ ತುಂಬಿಕೊಂಡ ಇಂಥ ನಾರು ಜ್ವಾಲೆ ಎಬ್ಬಿಸದೆ ಒಳಗೊಳಗೇ ಉರಿಯುತ್ತದೆ. ಕುಳ್ಳು ಹೊತ್ತಿಸಿ ಗೊತ್ತಿದ್ದವರಿಗೆ ಈ ಉರಿಯ ಸ್ವಭಾವ ಹೇಳಿಕೊಡಬೇಕಾಗಿಲ್ಲ. ಊದಿದರೆ ಕೆಂಪು, ಬಿಟ್ಟರೆ ಬೂದಿ, ಒಳಗೆ ಮಾತ್ರ ಐದಾರು ನೂರು ಡಿಗ್ರಿ ಸೆಲ್ಸಿಯಸ್.

ಬೆಂಕಿಯಿಂದ ರೋಗ ಓಡಿಸುವ ಆಸೆ ನಮ್ಮ ಭಾಗದಲ್ಲೂ ಹಳೆಯದು. ಕಾಮಾಲೆಗೆ ಬರೆ, ಕೂಸಿನ ಹೊಟ್ಟೆ ಉಬ್ಬಿದರೆ ಚುಟಿಗೆ. ಹಸುಗೂಸಿನ ಹೊಟ್ಟೆಯ ಮೇಲೆ ಕಾದ ಕಬ್ಬಿಣ ಇಡುವುದು ಚಿಕಿತ್ಸೆ ಅಲ್ಲ, ಸುಟ್ಟಗಾಯವನ್ನೂ ಸೋಂಕನ್ನೂ ಕೂಸಿಗೆ ಅಂಟಿಸುವ ಕೆಲಸ; ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಬೀದರಿನ ಹಕೀಮರ ಯುನಾನಿ ಶಾಸ್ತ್ರದಲ್ಲಿ 'ಅಮಲ್-ಎ-ಕೈ' ಎಂದು ಸುಡುವ ಕ್ರಿಯೆಯಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯವಿಡೀ ಅಗ್ನಿಕರ್ಮಕ್ಕೆ ಮೀಸಲು. ಆ ಅಧ್ಯಾಯದಲ್ಲಿ ನನಗೆ ಹಿಡಿಸಿದ್ದು ಏನು ಮಾಡಬೇಕೆಂಬುದಕ್ಕಿಂತ ಯಾರಿಗೆ, ಯಾವಾಗ ಮಾಡಬಾರದೆಂಬ ಭಾಗ. ಮಕ್ಕಳು, ಮುದುಕರು, ದುರ್ಬಲರು, ಹೆದರುವವರು ಬೇಡ. ತುರ್ತು ಇಲ್ಲದಿದ್ದರೆ ಶರದೃತುವಿನಲ್ಲೂ ಗ್ರೀಷ್ಮದಲ್ಲೂ ಬೇಡ. ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನವನ್ನು ಕಂಡವರು ಸುಶ್ರುತನ ಮಾತನ್ನು ತಲೆಯಾಡಿಸಿ ಒಪ್ಪುತ್ತಾರೆ.

ಈಗ ಬಿಸಿಯ ಲೆಕ್ಕಕ್ಕೆ ಬರೋಣ. ಚರ್ಮ ಸುಡಲು ಎಷ್ಟು ಬಿಸಿ ಬೇಕು ಎಂಬ ಪ್ರಶ್ನೆಯೇ ಅರ್ಧ. ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಕೇಳಬೇಕು. 1947ರಲ್ಲಿ ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಇದನ್ನು ಅಳೆದರು. ಚರ್ಮದ ಮೇಲ್ಮೈ 44 ಡಿಗ್ರಿಯಲ್ಲಿದ್ದರೆ ಸುಟ್ಟಗಾಯವಾಗಲು ಸುಮಾರು 6 ತಾಸು ಬೇಕು. 49ಕ್ಕೆ ಏರಿದರೆ ಹತ್ತು ನಿಮಿಷವೂ ಬೇಡ. 55ಕ್ಕೆ ಅರ್ಧ ನಿಮಿಷ. 60 ಮುಟ್ಟಿದರೆ ಐದೇ ಸೆಕೆಂಡು. ಹಿತವಾದ ಕಾವಿಗೂ ಬೊಬ್ಬೆಗೂ ನಡುವಿನ ಅಂತರ ಬೆರಳೆಣಿಕೆಯ ಡಿಗ್ರಿಗಳು.

ಇಷ್ಟು ಕಿರಿದಾದ ಅಂಚಿನಲ್ಲಿ ನಮ್ಮನ್ನು ಕಾಯುವುದು ಥರ್ಮಾಮೀಟರ್ ಅಲ್ಲ, ನರದ ತುದಿಯಲ್ಲಿರುವ ಪುಟ್ಟ ಪ್ರೋಟೀನು. ಟಿಆರ್‌ಪಿವಿ1 ಎಂದು ಅದರ ಹೆಸರು. ಬಿಸಿ ಸುಮಾರು 43 ಡಿಗ್ರಿ ದಾಟಿದೊಡನೆ ಅದು ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ನರದಲ್ಲಿ ಉರಿಯ ಸುದ್ದಿ ಹೊರಡುತ್ತದೆ, ಮಿದುಳು ಯೋಚಿಸುವ ಮುನ್ನವೇ ಕೈ ಹಿಂದೆ ಸರಿದಿರುತ್ತದೆ. ಮೆಣಸಿನಕಾಯಿಯ ಖಾರವೂ ಇದೇ ಬಾಗಿಲನ್ನು ತೆರೆಯುತ್ತದೆ; ರೊಟ್ಟಿಯ ಜೊತೆ ಕೆಂಪು ಖಾರ ತಿಂದು ಬಾಯಿ 'ಸುಟ್ಟಿತು' ಎನ್ನುವಾಗ ನಾವು ಅಲಂಕಾರವಾಗಿ ಮಾತಾಡುತ್ತಿಲ್ಲ, ನಾಲಿಗೆಗೆ ಬರುವುದು ನಿಜಕ್ಕೂ ಬೆಂಕಿಯ ಸುದ್ದಿಯೇ. ಮೆಣಸಿನ ಜಾಡು ಹಿಡಿದೇ ಡೇವಿಡ್ ಜೂಲಿಯಸ್ ಮತ್ತು ಅವರ ತಂಡ 1997ರಲ್ಲಿ ಈ ಪ್ರೋಟೀನನ್ನು ಪತ್ತೆಮಾಡಿದ್ದು. 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಅಂದಹಾಗೆ, ನಮ್ಮ ಊರ ಬಿಸಿಲು 43 ಮುಟ್ಟಿದ ದಿನವೂ ಮೈ ಉರಿದೇಳದಿರಲು ಬೆವರು ಕಾರಣ. ಅದು ಆರುತ್ತಾ ಚರ್ಮವನ್ನು 35-36ರ ಆಸುಪಾಸಿನಲ್ಲೇ ಇಟ್ಟಿರುತ್ತದೆ.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದಾಗ ಮೊದಲು ಸಾಯುವುದು ಉದ್ದನೆಯ ನರಗಳ ತುದಿ. ಮೈಯಲ್ಲಿ ಅತಿ ಉದ್ದದ ನರ ಪಾದದ್ದು. ಬಿಸಿಯ ಸುದ್ದಿ ಒಯ್ಯುವ ತೆಳು ತಂತುಗಳು ಅದರಲ್ಲಿ ಬಲುಬೇಗ ಕೆಡುತ್ತವೆ. ಹಾಗಾಗಿ ಕಾಕಾನ ಅಂಗಾಲಿಗೆ ಕೆಂಡದ ಶಾಖವೆಲ್ಲ ತಲುಪಿತ್ತು, ಸುದ್ದಿ ಮಾತ್ರ ಹೊರಡಲಿಲ್ಲ. ಕ್ರೂರ ವ್ಯಂಗ್ಯವೇನೆಂದರೆ ಜೋಮು ಹಿಡಿದ ಕಾಲಿಗೇ ಜನ ಶಾಖ ಹುಡುಕುತ್ತಾರೆ, ಶಾಖ ಗೊತ್ತಾಗದ ಕಾಲೂ ಅದೇ.

ಇದಕ್ಕೆ ದೂರದ ಲೆಕ್ಕವೂ ಸೇರಿತು. ಕಡ್ಡಿಯ ಅಡ್ಡಳತೆ ಸುಮಾರು 1.8 ಸೆಂಟಿಮೀಟರ್. ಅದರ ಕೆಂಪು ತುದಿಯನ್ನು ಒಂದು ಕಾದ ಬಿಲ್ಲೆ ಎಂದುಕೊಂಡು ವಿಕಿರಣದ ಲೆಕ್ಕ ಹಾಕಿದರೆ, 4 ಸೆಂಟಿಮೀಟರಿನಿಂದ 2ಕ್ಕೆ ಇಳಿಸಿದಾಗ ಎದುರಿನ ಚರ್ಮಕ್ಕೆ ಬೀಳುವ ಶಾಖ ಮೂರೂವರೆ ಪಟ್ಟಾಗುತ್ತದೆ. 3ರಿಂದ 1ಕ್ಕೆ ಇಳಿಸಿದರೆ ಐದು ಪಟ್ಟಿಗೂ ಹೆಚ್ಚು. ತೂಕಡಿಸಿದ ಕೈ ಎರಡು ಸೆಂಟಿಮೀಟರ್ ಜಾರಲು ಎಷ್ಟು ಹೊತ್ತು ಬೇಕು?

ಆದ್ದರಿಂದ ಕಡ್ಡಿ ಹೊತ್ತಿಸುವ ಮುಂಚಿನ ಪರೀಕ್ಷೆ ಕಾಲಿನದು. ಮಲಗಿದವರ ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸಂವೇದನೆ ಕುಂದಿದೆ ಎಂದರ್ಥ. ಆಸ್ಪತ್ರೆಗಳಲ್ಲೂ ಬಳಸುವ ಪರೀಕ್ಷೆ ಇದು. ಆರೂ ಗೊತ್ತಾದರೂ ನಿಶ್ಚಿಂತೆ ಬೇಡ, ಸ್ಪರ್ಶದ ತಂತು ಬೇರೆ, ಬಿಸಿಯ ತಂತು ಬೇರೆ. ಉಗುರುಬೆಚ್ಚಗಿನ ನೀರು ತುಂಬಿದ ಸ್ಟೀಲ್ ಲೋಟವನ್ನು ಮೊದಲು ಮುಂಗೈಗೆ, ಆಮೇಲೆ ಪಾದಕ್ಕೆ ತಾಗಿಸಿ. ಪಾದದಲ್ಲಿ ಬಿಸಿ ಮಂಕೆನಿಸಿದರೆ ಆ ಕಾಲಿಗೆ ಮಾಕ್ಸಾ ಬೇಡವೇ ಬೇಡ, ಬಿಸಿನೀರಿನ ಚೀಲವೂ ಬೇಡ, ಉಪ್ಪಿನ ಶಾಖವೂ ಬೇಡ.

ಸಂವೇದನೆ ಸರಿಯಿದ್ದು, ಮೊಣಕಾಲಿಗೋ ಭುಜಕ್ಕೋ ಕಾವು ಕೊಡಬೇಕೆಂಬ ಮನಸ್ಸಿದ್ದರೆ ಕಡ್ಡಿಯ ವಿಧಾನವೊಂದೇ ಮನೆಗೆ ತಕ್ಕದ್ದು. ಮಾಕ್ಸಾದ ಉಂಡೆಯನ್ನು ಚರ್ಮದ ಮೇಲೇ ಇಟ್ಟು ಉರಿಸುವ ಹಳೆಯ ಕ್ರಮ ಬೊಬ್ಬೆ ಎಬ್ಬಿಸಲೆಂದೇ ಇದ್ದದ್ದು. ಶುಂಠಿಯ ಬಿಲ್ಲೆ ಇಟ್ಟು ಅದರ ಮೇಲೆ ಉರಿಸುವುದು ಮೃದುವೆನಿಸಿದರೂ ಶುಂಠಿ ಕಾದ ಮೇಲೆ ಅದನ್ನು ತೆಗೆಯುವಷ್ಟರಲ್ಲಿ ತಡವಾಗಿರುತ್ತದೆ. ಕಡ್ಡಿಯನ್ನಾದರೆ ಕ್ಷಣದಲ್ಲಿ ಹಿಂದೆ ಸರಿಸಬಹುದು. 3 ಸೆಂಟಿಮೀಟರಿನಿಂದ ಶುರುಮಾಡಿ, ಬೇರೆಯವರಿಗೆ ಹಿಡಿಯುವಾಗ ಇನ್ನೊಂದು ಕೈಯ ಎರಡು ಬೆರಳನ್ನು ಆ ಜಾಗದ ಎರಡೂ ಬದಿಗೆ ಊರಿಡಿ. ಅವರ ಚರ್ಮಕ್ಕೆ ಬೀಳುವ ಬಿಸಿ ನಿಮ್ಮ ಬೆರಳಿಗೂ ಗೊತ್ತಾಗುತ್ತದೆ. ಒಂದು ಜಾಗಕ್ಕೆ ಹತ್ತು ನಿಮಿಷ ಸಾಕು. ಚರ್ಮ ನಸುಗೆಂಪಾದರೆ ನಿಲ್ಲಿಸಿ. ನಮ್ಮಂಥ ಗೋಧಿ, ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸುಲಭಕ್ಕೆ ಕಾಣದು, ಹಾಗಾಗಿ ಮುಟ್ಟಿ ನೋಡಬೇಕು. ಮುಖ, ಗಾಯ, ಉಬ್ಬಿದ ರಕ್ತನಾಳ, ಬಸುರಿಯ ಹೊಟ್ಟೆ ಮತ್ತು ಸೊಂಟ ಬಿಡಿ. ನೋವಿನ ಮುಲಾಮು ಹಚ್ಚಿದ ಜಾಗಕ್ಕಂತೂ ಹಿಡಿಯಲೇಬೇಡಿ, ಅದರೊಳಗಿನ ಮೆಂಥಾಲ್ ತಣ್ಣಗೆನಿಸಿ ಬಿಸಿಯನ್ನು ಮರೆಮಾಚುತ್ತದೆ. ನೈಲಾನ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ.

ಕಾಂಗ್ರೆಸ್ ಕಸ ತಾಗಿದರೆ ಮೈ ತುರಿಸುವವರು ನಮ್ಮ ಹೊಲಗಳಲ್ಲಿ ಬಹಳ. ಆ ಕಳೆಯೂ ಮಾಕ್ಸಾದ ಗಿಡವೂ ಸೇವಂತಿಗೆಯ ಒಂದೇ ಕುಟುಂಬಕ್ಕೆ ಸೇರಿದವು. ಒಂದರ ಅಲರ್ಜಿ ಇದ್ದವರು ಇನ್ನೊಂದರಿಂದಲೂ ದೂರ ಇರುವುದು ಲೇಸು. ಹೊಗೆಯಂತೂ ಎಲ್ಲರಿಗೂ ಕೆಟ್ಟದ್ದೇ. ಸೊಪ್ಪು ಪವಿತ್ರವಾದರೂ ಅದರ ಹೊಗೆಯಲ್ಲಿ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಇರುತ್ತವೆ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಹೊರಸಿನ ಕೆಳಗೆ ಶೇಗಡಿ ಇಡುವುದು ಯಾವ ಕಾರಣಕ್ಕೆ ಅಪಾಯವೋ ಅದೇ ಕಾರಣಕ್ಕೆ ಇಲ್ಲಿಯೂ ಕಿಟಕಿ ತೆರೆದಿರಬೇಕು. ದಮ್ಮು ಇರುವವರು ಮನೆಯಲ್ಲಿದ್ದರೆ ಹೊತ್ತಿಸಲೇಬೇಡಿ.

ಇಷ್ಟೆಲ್ಲ ಪಾಡುಪಟ್ಟರೆ ಗುಣ ಸಿಗುತ್ತದೆಯೇ? ಹೆಚ್ಚು ಚರ್ಚೆಯಾದ ಪ್ರಯೋಗ ಹೊಟ್ಟೆಯಲ್ಲಿ ಮಗು ತಲೆ ಮೇಲಾಗಿ ಕೂತ ಬಸುರಿಯರ ಮೇಲಿನದು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 260 ಚೊಚ್ಚಲ ಬಸುರಿಯರಿದ್ದರು. ಅರ್ಧ ಜನರ ಕಾಲಿನ ಕಿರುಬೆರಳ ಉಗುರಿನ ಪಕ್ಕಕ್ಕೆ ಕಡ್ಡಿಯ ಕಾವು ಕೊಟ್ಟರು. 35ನೇ ವಾರದ ಹೊತ್ತಿಗೆ ಕಾವು ಪಡೆದ 130 ಜನರಲ್ಲಿ 98 ಮಂದಿಯ ಮಗು ತಿರುಗಿತ್ತು, ಪಡೆಯದ 130ರಲ್ಲಿ 62. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಸೊಗಸಾದ ಫಲ ಬರಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿದ 2023ರ ಕಾಕ್ರೇನ್ ವಿಮರ್ಶೆ, ಮಾಮೂಲಿ ಆರೈಕೆಯ ಜೊತೆ ಕೊಟ್ಟರೆ ಹೆರಿಗೆಯ ವೇಳೆಗೆ ಮಗು ತಿರುಗುವ ಸಾಧ್ಯತೆ ಬಹುಶಃ ಹೆಚ್ಚು ಎಂದಿತು. ಸಿಸೇರಿಯನ್‌ಗಳು ಅದರಿಂದ ಕಡಿಮೆಯಾದಂತೆ ಕಂಡಿಲ್ಲ. ಮಂಡಿನೋವಿಗೆ ಹಿತವೆನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹಿತ ಸೊಪ್ಪಿನದೋ ಬರೀ ಕಾವಿನದೋ ಎಂದು ಬೇರ್ಪಡಿಸುವುದು ಕಷ್ಟ: ಹೊಗೆ, ವಾಸನೆ, ಬಿಸಿಯನ್ನು ರೋಗಿಯಿಂದ ಮುಚ್ಚಿಟ್ಟು ಪ್ರಯೋಗ ಮಾಡುವುದು ಹೇಗೆ? ಬಿಸಿನೀರಲ್ಲಿ ಅದ್ದಿ ಹಿಂಡಿದ ಅರಿವೆ ಕಡಿಮೆ ಅಪಾಯದಲ್ಲಿ ಅದೇ ಹಿತ ಕೊಟ್ಟೀತೆಂಬುದು ನನ್ನ ಅನಿಸಿಕೆ.

ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾವು ಮನುಷ್ಯರ ಸಿಟ್ಟಿಗೆ ಬಳಸುತ್ತೇವೆ. ಈ ಕಡ್ಡಿಯನ್ನು ನೋಡಿದರೆ ಅದು ಅಕ್ಷರಶಃ ಅರ್ಥವಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಬೂದಿ ಕೊಡವದಿದ್ದರೆ ಅದು ಕೆಂಡದ ಸಮೇತ ಮೈಮೇಲೆ ಉದುರುತ್ತದೆ. ಮುಗಿದ ಮೇಲೆ ಆರಿದಂತೆ ಕಂಡರೂ ನಡುವೆ ಹೊಗೆಯಾಡುತ್ತಲೇ ಇರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮರಳು ತುಂಬಿ ತುದಿಯನ್ನು ಹುಗಿದು, ಗಾಳಿ ಸಿಗದಂತೆ ಮುಚ್ಚಿ, ಫರಸಿಯ ಮೇಲೇ ಇಡಬೇಕು. ಕಸದ ಬುಟ್ಟಿಗೆ ಎಸೆದು ಮಲಗಿದರೆ ರಾತ್ರಿ ಮನೆಯವರೆಲ್ಲ ಎದ್ದು ಕೂರಬೇಕಾದೀತು.

ಅಕಸ್ಮಾತ್ ಸುಟ್ಟರೆ, ತಂಪಾದ ಹರಿಯುವ ನೀರು, 20 ನಿಮಿಷ. ಮಂಜುಗಡ್ಡೆ ಬೇಡ, ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ, ಬೊಬ್ಬೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರ ಪಾದವಾದರೆ ಅಂದೇ ವೈದ್ಯರ ಬಳಿ ಹೋಗಬೇಕು. ಬೇಸಿಗೆಯ ಮಧ್ಯಾಹ್ನ ನಮ್ಮೂರಿನಲ್ಲಿ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಲ್ಲಿ ಕಾದ ನೀರು ಬರುತ್ತದೆ, ಅದನ್ನು ಸುಟ್ಟ ಜಾಗಕ್ಕೆ ಬಿಡಬೇಡಿ. ಅಡುಗೆಮನೆಯ ಮೂಲೆಯ ಹರವಿಯಿಂದ ತಂಬಿಗೆ ತುಂಬಿ ತುಂಬಿ ಸುರಿಯಿರಿ.

ಉಳಿದ ಕಡ್ಡಿಗಳು ಕಾಕಾನ ಮನೆಯ ಗೂಡಿನಲ್ಲಿವೆ. ಭುಜ ಹಿಡಿದುಕೊಂಡಾಗ ಕಾಕಿ ಒಮ್ಮೊಮ್ಮೆ ಹೊತ್ತಿಸುತ್ತಾರೆ, ಅಂಗಳದಲ್ಲಿ ಕೂತು. ಕಾಕಾ ಎದುರು ಕೂತು ಮೊಬೈಲಿನಲ್ಲಿ ಹತ್ತು ನಿಮಿಷ ಹಚ್ಚಿಡುತ್ತಾರೆ, ನಡುನಡುವೆ "ಬಿಸಿ ಗೊತ್ತಾಗುತ್ತಿದೆಯೇನು?" ಎಂದು ಕೇಳುತ್ತಾರೆ. ಕಾಕಿಗೆ ಅದು ಕಿರಿಕಿರಿ. "ಎಷ್ಟು ಸಲ ಕೇಳುತ್ತೀರಿ" ಎಂದು ಗದರುತ್ತಾರೆ. ಕಾಕಾ ಮತ್ತೆ ಕೇಳುತ್ತಾರೆ.