ಒಡೆದ ಮ್ಯಾಗಜೀನಿಗೆ ಚಳಿಯೊಂದೇ ಕಾರಣವಲ್ಲ

1999ರ ಕಾರ್ಗಿಲ್ ಯುದ್ಧದ ನಂತರ ಒಂದು ಮಾತು ಬೇರೂರಿಬಿಟ್ಟಿದೆ: ಬಂದೂಕಿಗೆ ಗುಂಡು ಒದಗಿಸುವ ಪೆಟ್ಟಿಗೆ, ಅಂದರೆ ಮ್ಯಾಗಜೀನ್, ಪ್ಲಾಸ್ಟಿಕ್ಕಿನದಾದರೆ ಚಳಿಗೆ ಒಡೆಯುತ್ತದೆ. ಭಾರತೀಯ ಸೇನೆಯ ಇನ್ಸಾಸ್ ರೈಫಲ್‌ನ 20 ಗುಂಡುಗಳ ಅರೆಪಾರದರ್ಶಕ ಮ್ಯಾಗಜೀನ್‌ಗಳು ಆ ಎತ್ತರದಲ್ಲಿ ಬಿರುಕು ಬಿಟ್ಟವೆಂಬ ದೂರು ಬಂದದ್ದು ನಿಜ. ಆ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಂದಿನಿಂದ ಆರ್ಮರರ್‌ಗಳ, ಅಂದರೆ ಆಯುಧ ದುರಸ್ತಿ ಮಾಡುವವರ, ಮೇಜಿಗೆ ಬರುವ ಒಡೆದ ಮ್ಯಾಗಜೀನ್‌ಗಳಿಗೆಲ್ಲ “ಚಳಿ, ಸಾಬ್” ಎಂಬ ಒಂದೇ ವಿವರಣೆ. ನಾನು ತಿರುಗಿ ಕೇಳುವುದೂ ಒಂದೇ: ಇದನ್ನು ಯಾವುದರಲ್ಲಿ ಒರೆಸುತ್ತಿದ್ದಿರಿ?

ಹಾಸನದ ಕಡೆಯ ಒಬ್ಬ ಹವಾಲ್ದಾರರಿದ್ದರು. ಅವರ ರೈಫಲ್ ನೋಡುವುದೇ ಒಂದು ಸಂತೋಷ. ಮ್ಯಾಗಜೀನ್ ಮಾತ್ರ ತುಟಿಯ, ಅಂದರೆ ಗುಂಡುಗಳನ್ನು ಹಿಡಿದಿಡುವ ಮೇಲಂಚಿನ, ಬುಡದಲ್ಲಿ ಸೀಳಿತ್ತು. “ದಿನವೂ ಪೆಟ್ರೋಲಿನಲ್ಲಿ ಒರೆಸುತ್ತೇನೆ ಸಾಬ್, ಒಂದು ಚೂರೂ ಕೊಳೆ ಇಲ್ಲ” ಎಂದರು. ಅಷ್ಟು ಶ್ರದ್ಧೆಯ ಮನುಷ್ಯನನ್ನು ಬೈಯುವುದು ಹೇಗೆ? ಉಕ್ಕಿಗೆ ಸರಿಯಾದ ಆರೈಕೆಯನ್ನೇ ಅವರು ಪ್ಲಾಸ್ಟಿಕ್‌ಗೂ ಮಾಡಿದ್ದರು.

ಆಗುವುದು ಇಷ್ಟು. ತುಂಬಿದ ಮ್ಯಾಗಜೀನಿನಲ್ಲಿ ಸ್ಪ್ರಿಂಗ್ ಗುಂಡುಗಳನ್ನು ಹಗಲೂ ರಾತ್ರಿ ಮೇಲಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡವನ್ನೆಲ್ಲ ತಡೆದು ನಿಲ್ಲುವುದು ಮೇಲಿನ ಎರಡು ತುಟಿಗಳು. ಹೀಗೆ ಎಳೆತದಲ್ಲಿರುವ ಜಾಗಕ್ಕೆ ಪೆಟ್ರೋಲ್, ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಕೆಲವು ಪ್ಲಾಸ್ಟಿಕ್‌ಗಳಲ್ಲಿ, ಮುಖ್ಯವಾಗಿ ಪಾಲಿಕಾರ್ಬೊನೇಟ್‌ನಲ್ಲಿ, ಕಣ್ಣಿಗೆ ಕಾಣಿಸದಷ್ಟು ನವಿರಾದ ಬಿರುಕುಗಳು ಹುಟ್ಟುತ್ತವೆ. ಅದೇ ದ್ರವ ಖಾಲಿ ಮ್ಯಾಗಜೀನಿಗೆ ತಾಗಿದರೆ ಹಾನಿ ಕಡಿಮೆ. ಎಳೆತ ಮತ್ತು ದ್ರಾವಕ ಒಂದೆಡೆ ಸೇರಿದಾಗಲೇ ಹೆಚ್ಚು ಹಾನಿ. ಮತ್ತೆ ಹೇಳುತ್ತೇನೆ, ಏಕೆಂದರೆ ಇದನ್ನೇ ಯಾರೂ ನಂಬುವುದಿಲ್ಲ: ಒರೆಸಿದ ದಿನ ಏನೂ ಕಾಣಿಸುವುದಿಲ್ಲ, ಮರುದಿನವೂ ಕಾಣಿಸುವುದಿಲ್ಲ. ತಿಂಗಳುಗಳ ನಂತರ ಮೈನಸ್ 20 ಡಿಗ್ರಿಯಲ್ಲಿ ಪ್ಲಾಸ್ಟಿಕ್ ಬಿರುಸಾಗಿದ್ದಾಗ ಮ್ಯಾಗಜೀನ್ ಕೈಜಾರಿ ಕಲ್ಲಿನ ಮೇಲೆ ಬೀಳುತ್ತದೆ. 5.56 ಮಿ.ಮೀ. ಗುಂಡೊಂದು ಸುಮಾರು 12 ಗ್ರಾಂ. 30 ಗುಂಡುಗಳ ಮ್ಯಾಗಜೀನಾದರೆ 360 ಗ್ರಾಂ ತೂಕ ಒಳಗಿನಿಂದ ತುಟಿಗೆ ಗುದ್ದುತ್ತದೆ. ಬೇಸಿಗೆಯಲ್ಲಿ ಹುಟ್ಟಿದ ಬಿರುಕು ಆಗ ಬಾಯಿ ಬಿಡುತ್ತದೆ.

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಗಾಜಿನ ನಾರು ಸೇರಿಸಿದ ನೈಲಾನ್ ಪೆಟ್ರೋಲಿಗೆ ಅಷ್ಟಾಗಿ ಅಂಜುವುದಿಲ್ಲ. ಅದರ ಗುಣವೇ ಬೇರೆ. ನೈಲಾನ್ ಗಾಳಿಯಿಂದ ಸ್ವಲ್ಪ ತೇವ ಹೀರಿಕೊಂಡಿರುತ್ತದೆ, ಒಡೆಯದೆ ಪೆಟ್ಟು ತಾಳುವ ಅದರ ಗುಣದ ಒಂದು ಪಾಲು ಆ ತೇವದಿಂದಲೇ ಬರುತ್ತದೆ. ಹಿಮದಲ್ಲಿ ನೆನೆದ ಮ್ಯಾಗಜೀನನ್ನು ಪ್ರತಿ ರಾತ್ರಿ ಕೋಣೆ ಬಿಸಿಮಾಡುವ ಬುಖಾರಿ ಒಲೆಯ ಪಕ್ಕದಲ್ಲಿಟ್ಟು ಒಣಗಿಸುವವರಿದ್ದಾರೆ. ಒಂದು ರಾತ್ರಿಗೆ ಏನೂ ಆಗದಿರಬಹುದು. ಇಡೀ ಚಳಿಗಾಲ ಹಾಗೆ ಮಾಡಿದರೆ ನೈಲಾನ್ ತೇವ ಕಳೆದುಕೊಂಡು ಪೆಡಸಾಗುತ್ತದೆ. ಗುಂಡು ತುಂಬಿಯೇ ಇಟ್ಟಿದ್ದರೆ ಶಾಖಕ್ಕೆ ತುಟಿಗಳು ನಿಧಾನವಾಗಿ ಹೊರಕ್ಕೆ ಬಾಗುತ್ತವೆ. ರಾಜಸ್ಥಾನದ ಬಿಸಿಲಿನಲ್ಲಿ ನಿಂತ ಜೀಪಿನೊಳಗೂ ಆಗುವುದು ಇದೇ. ಆಗ ಗುಂಡು ಸಿಕ್ಕಿಕೊಳ್ಳುತ್ತದೆ, ಬಡಪಾಯಿ ಸ್ಪ್ರಿಂಗಿನ ಮೇಲೆ ಅಪವಾದ ಬರುತ್ತದೆ. ಒಳ್ಳೆಯ ಸ್ಪ್ರಿಂಗ್ ಒತ್ತಿಕೊಂಡು ಕುಳಿತದ್ದಕ್ಕೆ ಅಷ್ಟು ಸುಲಭವಾಗಿ ಸೋಲುವುದಿಲ್ಲ.

ತಯಾರಕರಿಗೆ ಇದೆಲ್ಲ ಗೊತ್ತು. ಬಲ್ಗೇರಿಯದ ಕೆಲವು ಎಕೆ ಮ್ಯಾಗಜೀನ್‌ಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ಉಕ್ಕಿನ ತುಟಿಯಿದೆ. ಅಮೆರಿಕದ ಮ್ಯಾಗ್‌ಪುಲ್ ಕಂಪನಿಯ ಕೆಲವು ಪಿಮ್ಯಾಗ್ ಮ್ಯಾಗಜೀನುಗಳ ಜೊತೆಗೆ ಬರುವ ಮುಚ್ಚಳ ದೂಳನ್ನು ತಡೆಯುವುದರ ಜೊತೆಗೆ ಗುಂಡುಗಳನ್ನು ಕೆಳಕ್ಕೆ ಒತ್ತಿ ತುಟಿಯ ಮೇಲಿನ ಭಾರವನ್ನೂ ಇಳಿಸುತ್ತದೆ. ಅದನ್ನು ಮೊದಲ ದಿನವೇ ಬಿಸಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಮ್ಯಾಗಜೀನಿನ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಹೇಳದಿದ್ದರೆ ಗುಂಡು ತೆಗೆದು, ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ಅರೆಪಾರದರ್ಶಕವಾದುದನ್ನು ಬೆಳಕಿಗೆ ಹಿಡಿದು ತುಟಿಯ ಬುಡವನ್ನೂ ಹಿಂಬದಿಯ ಮೂಲೆಗಳನ್ನೂ ನೋಡಿ. ಬಿಳಿ ಮಂಜಿನಂಥ ಗೆರೆ ಕಂಡರೆ ಅದು ಕೊಳೆಯಲ್ಲ, ಉಜ್ಜಬೇಡಿ. “ತರಬೇತಿಗೆ ಇರಲಿ” ಎಂದು ಆಯುಧ ಇಡುವ ಕೋಣೆಯಾದ ಕೋತ್‌ನಲ್ಲಿ ಎತ್ತಿಡಲೂ ಬೇಡಿ. ಹಾಗೆ ಎತ್ತಿಟ್ಟವು ಮುಂದಿನ ಚಳಿಗಾಲದೊಳಗೆ ಯಾವುದೋ ಹುಡುಗನ ಪೌಚ್ ಸೇರಿರುತ್ತವೆ. ದಾಖಲೆಯಲ್ಲಿ ಬರೆದು, ಅಧಿಕಾರಿಯ ಒಪ್ಪಿಗೆ ಪಡೆದು, ಅಲ್ಲಿಯೇ ಒಡೆದುಹಾಕಿ.